ಪಕ್ಕದ ಮನೆಯ ಸೊನ್ನೆ

ಆದೇಶದ ತುಂಬ ಒಂದೇ ಶಬ್ದ: ಪರಿಹಾರ.
ಸಿಡಿಲು ಬಡಿದ ಎಮ್ಮೆಗೆ, ಕಾಲುವೆಗೆ ಹೋದ ಹೊಲಕ್ಕೆ
ತಹಶೀಲ್ದಾರರು ಬರೆಯುವ ಶಬ್ದ
ಈ ಸಲ ನನ್ನ ಹೆಸರಿನ ಮುಂದೆ, ಬೋಧನೆಯ ಜೊತೆ.
ಸಂಜೆ ನಾಲ್ಕರಿಂದ ಐದು. ಹಿಂದುಳಿದವರು ಹತ್ತೊಂಬತ್ತು.
ಸತ್ತದ್ದು ಏನು ಎಂದು ಯಾರೂ ಬರೆದಿರಲಿಲ್ಲ.

ತಾವರಗೇರಾ ರಸ್ತೆಯ ಎರಡೂ ಬದಿ ಬೀಜದ ಹತ್ತಿ.
ನಾಲ್ಕರಿಂದ ಐದು ಅಲ್ಲೂ ಒಂದು ತರಗತಿ:
ನಾಳೆ ಅರಳುವ ಮೊಗ್ಗು ಹುಡುಕಿ, ಎಸಳು ಸುಲಿದು,
ಉಗುರಲ್ಲಿ ಕೇಸರ ಕಿತ್ತು, ಕೆಂಪು ದಾರ ಕಟ್ಟಬೇಕು.
ದೊಡ್ಡವರಾದರೆ ಬಗ್ಗಬೇಕು,
ಐದನೆಯ ಕ್ಲಾಸಿನವರು ನಿಂತರೆ ಸಾಕು.
ಆಗಸ್ಟಿನಿಂದ ನವೆಂಬರ್ ತನಕ
ನನ್ನ ಹತ್ತೊಂಬತ್ತರಲ್ಲಿ ಏಳು ಬಂದರೆ ಹಬ್ಬ.
ಬಂದವರು ಸ್ಲೇಟು ಮುಟ್ಟಿದಲ್ಲೆಲ್ಲ ಹಳದಿ ಪುಡಿ.

ನಾಲ್ಕು ನೂರಾ ಎರಡರಲ್ಲಿ ನೂರಾ ಎಪ್ಪತ್ತೆಂಟು ಕಳೆಯಿರಿ.
ಎರಡರಲ್ಲಿ ಎಂಟು ಹೋಗದು; ಪಕ್ಕದ ಮನೆಯಿಂದ ಎರವಲು ತನ್ನಿ.
"ಪಕ್ಕದ ಮನ್ಯಾಗ ಸೊನ್ನಿ ಐತ್ರಿ ಸರ," ಅಂದ ಯಮನೂರಿ.
ಹಾಗಾದರೆ ಅದರಾಚೆಯ ಮನೆಗೆ.
"ಅವ್ರು ನಮಗ ಕೊಡಂಗಿಲ್ರಿ," ಅಂದಳು ದ್ಯಾಮವ್ವ.
ಲೆಕ್ಕದ ಬಗ್ಗೆಯೇ ಹೇಳಿದಳೋ, ನಾನು ಕೇಳಲಿಲ್ಲ.
ಕೊಡ್ತಾರೆ, ಲೆಕ್ಕದಲ್ಲಿ ಕೊಡಲೇಬೇಕು, ಅಂದೆ.
ನೂರು ಮುರಿದು ಹತ್ತಾಗಿ ಬಂತು.
ಬಂದ ಹತ್ತರಲ್ಲಿ ಒಂದು ಕೊಟ್ಟು
ಸೊನ್ನೆ ಒಂಬತ್ತಾಯಿತು.

ಫೆಬ್ರುವರಿಯ ಪರೀಕ್ಷೆಯಲ್ಲಿ ಹದಿನಾಲ್ಕು ಪಾಸು.
ಬ್ಲಾಕಿನಿಂದ ಬಂದವರು ಫೋಟೊ ಹೊಡೆದರು,
ನನಗೊಂದು ಶಾಲು; ಚಳಿಗೆ ಈಗಲೂ ಅದೇ.
ಜೂನಿನಲ್ಲಿ ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಟ್ಟೆ,
ಯಾರೂ ಕೇಳಿರಲಿಲ್ಲ, ಸುಮ್ಮನೆ.
ಆರು.
ಮುಂದಿನ ಜೂನಿಗೆ ಎರಡು, ಅದರಲ್ಲೊಂದು ಕಾಪಿ.

ಕುಷ್ಟಗಿಯ ಸಭೆಯಲ್ಲಿ ಸಾಹೇಬರು
ಬೋರ್ಡಿನ ಮೇಲೆ ಏರಿ ಇಳಿಯುವ ಗೆರೆ ಎಳೆದರು.
"ಉಳಿಯೋದೇ ಇಲ್ಲ ಅಂದ್ರ ಯಾಕ ಕಲಿಸೋದು?"
ಒಳ್ಳೆಯ ಪ್ರಶ್ನೆ. ರಾತ್ರಿ ನನಗೂ ಅದೇ.
ಬಾಯಿಗೆ ಬಂದದ್ದು ದ್ಯಾಮವ್ವನ ಮಾತು, ಆಡಲಿಲ್ಲ:
"ಈ ಬೀಜ ಒಂದ ವರ್ಸಾ ಅಷ್ಟ ರೀ ಸರ.
ತಿರುಗಿ ಬಿತ್ತಿದ್ರ ಗಿಡ ಬರ್ತೈತಿ, ಕಾಯಿ ಹಂಗ ಕಟ್ಟಂಗಿಲ್ಲ.
ವರ್ಸಾ ವರ್ಸಾ ಹೂವಿಗೆ ಹೂವು ಮುಟ್ಟಿಸ್ಬೇಕು."
ಅದು ನಷ್ಟವೆಂದು ಯಾವ ಕಂಪನಿಯೂ ಗೆರೆ ಎಳೆಯುವುದಿಲ್ಲ.
ಹೀಗೆನ್ನುವಾಗ ನನ್ನ ಸೋಲನ್ನೇ ಮುಚ್ಚುತ್ತಿದ್ದೇನೆಯೆ?
ಇರಬಹುದು. ದಿನಕ್ಕೆ ಒಂದು ಗಂಟೆ ನನ್ನದು,
ಇಪ್ಪತ್ಮೂರು ಊರಿನದು ಅಂದುಬಿಡುವುದು ಸುಲಭ.

ಸ್ಕೀಮು ಮುಚ್ಚಿತು. ಬೇರೆ ಹೆಸರಲ್ಲಿ ತೆರೆಯಿತು.

ಮೊನ್ನೆ ಶನಿವಾರ, ಎಂಟು ವರ್ಷದ ಮೇಲೆ,
ಬೀಜದ ಏಜೆಂಟನ ಕಟ್ಟೆಯ ಮುಂದೆ ಪಗಾರದ ಜಗಳ.
ದನಿಯಿಂದಲೇ ಗುರುತು ಹತ್ತಿತು;
ಹತ್ತರಲ್ಲಿ ಗಣಿತ ಎರಡು ಸಲ ಹೋಗಿ ಬಿಟ್ಟವಳು.
"ಮೂರು ಸಾವಿರದ ಎರಡು ನಂದು,
ಸಾವಿರದ ಇನ್ನೂರ ಐವತ್ತಾರು ಅಡ್ವಾನ್ಸು.
ಹತ್ತು ರೂಪಾಯಿ ಕಡಿಮಿ ಕೊಟ್ಟಾನ್ರಿ ಸರ, ನೋಡ್ರಿ."
ಅಂಗೈ ಚಾಚಿದಳು: ಹಳದಿಯ ನಡುವೆ ನೀಲಿ ಅಂಕಿ.
ಪಕ್ಕದ ಮನೆಗೆ ಹೋಗಿದ್ದಾಳೆ, ಅದರಾಚೆಗೂ, ಮೂರನೆಯದಕ್ಕೂ,
ಎರವಲು ತಂದಿದ್ದಾಳೆ. ಮೊದಲ ಸೊನ್ನೆ ಮಾತ್ರ
ಒಂದು ಕೊಟ್ಟ ಮೇಲೂ ಹತ್ತಾಗಿಯೇ ಕೂತಿದೆ.

ಏಜೆಂಟ ನಕ್ಕ. ಅವನ ಲೆಕ್ಕ ಸರಿ ಇತ್ತು.
ಅವತ್ತೊಂದು ದಿನ ಸರಿ ಇರಬಾರದಿತ್ತು.
"ಇವನ ಮಾತು ಖರೆ ಏನ್ರಿ?"
ಖರೆ, ಅಂದೆ.
ಅವಳು ಕೈ ಹಿಂದೆಗೆಯಲಿಲ್ಲ.
"ಹಂಗಾರ ಎಲ್ಲಿ ತಪ್ಪೀನಿ, ತೋರಸ್ರಿ."

ಜೇಬಿನ ಪೆನ್ನು ತೆಗೆದೆ.
ಹಳದಿ ಮೆತ್ತಿದಲ್ಲಿ ಶಾಯಿ ಹಿಡಿಯಲಿಲ್ಲ.
ಮಣಿಕಟ್ಟಿನತ್ತ ಸರಿದು
ಮೂರು, ಸೊನ್ನೆ, ಸೊನ್ನೆ, ಎರಡು
ಎಂದು ಬರೆಯತೊಡಗಿದೆ.